ಮೂವತ್ತೇಳನೆಯ ಊರು

ತಾಲ್ಲೂಕಿನ ಮೂರು ಆಂಬುಲೆನ್ಸ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂಬ ಲೆಕ್ಕವನ್ನು ಮಂದಾಕಿನಿ ಮುಗಿಸಿದ್ದಳು. ಊರುಗಳನ್ನು ತಲುಪುವ ಸರಾಸರಿ ಹೊತ್ತು ಕಡಿಮೆಯಾಗಬೇಕು, ತೀರ ದೂರದ ಊರೂ ಬಹಳ ಕಾಯಬಾರದು. ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಗಣಿತ ಇಪ್ಪತ್ತಮೂರು ಉತ್ತರಗಳನ್ನು ಮುಂದಿಟ್ಟು, ಆಯ್ಕೆಯನ್ನು ಮನುಷ್ಯರಿಗೆ ಬಿಟ್ಟು ಸುಮ್ಮನಾಗಿತ್ತು. ಯಾರೂ ತಮ್ಮೂರಿನ ಕಡೆ ಎಳೆಯಬಾರದೆಂದು ಪಟ್ಟಿಯಲ್ಲಿ ಊರುಗಳಿಗೆ ಹೆಸರಿರಲಿಲ್ಲ, ಬರೀ ಅಂಕಿ. ಹೆಸರುಗಳ ಹಾಳೆ ತಾಲ್ಲೂಕು ಆರೋಗ್ಯಾಧಿಕಾರಿ ಸಾಹೇಬರ ಡ್ರಾಯರಿನಲ್ಲಿತ್ತು.

"ಒಂಬತ್ತನೇ ಉತ್ತರ ಇರ್ಲಿ," ಎಂದರು ಸಾಹೇಬರು. "ಸರಾಸರಿ ಹನ್ನೊಂದು ನಿಮಿಷ. ಸಹಿ ಮಾಡ್ರಿ."

"ಇದ್ರಾಗ ಮೂವತ್ತೇಳನೇ ಊರಿಗೆ ಐವತ್ತು ನಿಮಿಷ ಆಗ್ತದ ಸರ್. ಹೆರಿಗಿ ನೋವು, ಹಾವು ಕಚ್ಚಿದ್ದು ಅಷ್ಟೊತ್ತು ಕಾಯ್ತಾವೇನ್ರಿ? ಹದಿನಾಲ್ಕನೇದ್ರಾಗ ಯಾವ ಊರೂ ಅರ್ಧ ತಾಸು ದಾಟಂಗಿಲ್ಲ. ಸರಾಸರಿ ಹನ್ನೆರಡಾಗ್ತದ, ಅಷ್ಟ."

"ಒಂದು ನಿಮಿಷ ಅಂದ್ರ ಸಣ್ಣದೇನ್ರಿ? ಒಂಬತ್ತನೇದ."

ಅವರು ಕಾಗದದಿಂದ ಕಣ್ಣೆತ್ತಲೇ ಇಲ್ಲ. ಇದರಲ್ಲಿ ಯಾರದೋ ಕೈವಾಡವಿದೆ ಎಂದು ಮಂದಾಕಿನಿಗೆ ಅನ್ನಿಸಿತು. ಅವಳು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಯಾರ ಊರಿಗೆ ಲಾಭ ಮಾಡಾಕ ಇದು, ಸರ್? ಹೆಸರು ನೋಡದ ನಾ ಸಹಿ ಮಾಡಂಗಿಲ್ಲ."

ಸಾಹೇಬರು ಡ್ರಾಯರ್ ಎಳೆದು ಹಾಳೆಯನ್ನು ಅವಳತ್ತ ಸರಿಸಿದರು.

"ಮೂವತ್ತೇಳು ನಮ್ಮೂರು. ನಮ್ಮವ್ವ ಇನ್ನೂ ಅಲ್ಲೇ ಅದಾಳ. ಹದಿನಾಲ್ಕನೇದು ಆರಿಸಿದ್ರ, ತನ್ನೂರಿಗೆ ಎಳ್ಕೊಂಡ ಅಂತಾರಲ್ರಿ ಮಂದಿ."