ಹೊಸ ಖಾತೆ

ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕೀಳುವ ಪುಡಿ ಎಂಬ ಫಾಲಾಕ್ಷನ ಜಾಹೀರಾತನ್ನು ಜಾಲತಾಣದವರು ಮೂರನೆಯ ಸಲವೂ ತಡೆದು, ಕೊನೆಗೆ ಅವನ ಖಾತೆಯನ್ನೇ ಮುಚ್ಚಿದರು. ಫಾಲಾಕ್ಷ ಎದೆಗುಂದಲಿಲ್ಲ. ಹೆಂಡತಿಯ ಹೆಸರಿನಲ್ಲಿ ಹೊಸ ಖಾತೆ ತೆರೆದ. ಅದೇ ಪುಡಿಗೆ 'ಅಜ್ಜಿ ಡಬ್ಬಿ' ಎಂದು ಹೆಸರಿಟ್ಟು, ಕಾಯಿಲೆಯ ಮಾತೇ ಎತ್ತದೆ, 'ಇನ್ನು ಸೂಜಿ ಯಾಕೆ?' ಎಂದಷ್ಟೇ ಬರೆದ. ಈ ಸಲ ಯಾರೂ ತಡೆಯಲಿಲ್ಲ.

ತಿಂಗಳು ತುಂಬುವಷ್ಟರಲ್ಲಿ ಅವನ ಅಕ್ಕ ಆಸ್ಪತ್ರೆ ಸೇರಿದಳು. ಇನ್ಸುಲಿನ್ ನಿಲ್ಲಿಸಿ ಇಪ್ಪತ್ತು ದಿನವಾಗಿದೆ, ಕಿಡ್ನಿ ಕೈಕೊಟ್ಟಿದೆ ಎಂದರು ಡಾಕ್ಟರು.

"ಯಾಕಕ್ಕಾ ನಿಲ್ಲಿಸ್ದೆ?" ಫಾಲಾಕ್ಷ ಕೇಳಿದ.

ಅಕ್ಕ ಕಷ್ಟಪಟ್ಟು ಉಸಿರೆಳೆದುಕೊಂಡಳು. "ಅಜ್ಜಿ ಡಬ್ಬಿ ಅಂತ ಯಾರದೋ ಪುಡಿ ತಗೊಳ್ತಿದ್ದೆ ಕಣೋ."

ಫಾಲಾಕ್ಷ ಹಣೆ ಚಚ್ಚಿಕೊಂಡ.

"ಬೈಬೇಡ ಕಣೋ. ನಿನ್ ಪುಡಿ ಮಾತ್ರ ಬಾಯಿಗೆ ಹಾಕ್ಬೇಡ ಅಂತ ನೀನೇ ಹೇಳಿದ್ಯಲ್ಲ!"