ಯಜಮಾನರ ಹೂಂಕಾರ

"ಹತ್ತು ಗಂಟೆವರೆಗೆ ಯಾರನ್ನೂ ಒಳಗೆ ಬಿಡಬೇಡ ಅಂದಿದಾರೆ ಅಕ್ಕಾ," ಎಂದು ಗುಮಾಸ್ತ ಯಜಮಾನರ ಕೋಣೆಯ ಬಾಗಿಲಿಗೆ ಅಡ್ಡ ನಿಂತ. ಆಗಿನ್ನೂ ಎಂಟೂ ಮುಕ್ಕಾಲು. ಬಟ್ಟೆಗೆ ಬಣ್ಣ ಹಾಕುವ ಬಣ್ಣದಕ್ಕನ ಕೈಯಲ್ಲಿ ಇಸ್ತ್ರಿಯ ಬಿಸಿ ಆರದ ಬಟ್ಟೆಯ ಚೂರಿತ್ತು. ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ನಾನೂರು ಮೀಟರ್ ಬಟ್ಟೆ ಬಣ್ಣದ ಬಿಸಿನೀರಿನ ತೊಟ್ಟಿಯಲ್ಲಿ ಸುತ್ತುತ್ತಲೇ ಇತ್ತು.

ಆಸ್ಪತ್ರೆಯೊಂದರ ದಾದಿಯರ ಸಮವಸ್ತ್ರಕ್ಕೆಂದು ಬಂದ ಬಟ್ಟೆ ಅದು. ತಿಳಿನೀಲಿ. ಹೊತ್ತು ಮೀರಿದಷ್ಟೂ ಬಣ್ಣ ಏರುತ್ತದೆ, ಏರಿದ್ದನ್ನು ಇಳಿಸಲು ಬ್ರಹ್ಮ ಬಂದರೂ ಆಗದು. ಆದರೆ ಆ ಕಾರ್ಖಾನೆಗೆ ಒಂದು ಕಟ್ಟಳೆ: ತೊಟ್ಟಿಯ ಬಟ್ಟೆಯಿಂದ ಕತ್ತರಿಸಿದ ಚೂರನ್ನು ಒಣಗಿಸಿ, ಬೆಳಗಿನ ಬೆಳಕಿನಲ್ಲಿ ಗಿರಾಕಿಯ ಮಾದರಿಯ ಪಕ್ಕ ಹಿಡಿದು ನೋಡಿ, ಯಜಮಾನರು 'ಹೂಂ' ಅನ್ನಬೇಕು. ಅನ್ನದೆ ಬಟ್ಟೆ ತೊಟ್ಟಿಯಿಂದ ಮೇಲೇಳುವಂತಿಲ್ಲ. ಮೂರು ತಿಂಗಳ ಹಿಂದೆ ಅವಳ ಜೊತೆಗಾತಿಯೊಬ್ಬಳು ಹೂಂ ಬರುವ ಮುಂಚೆ ಎತ್ತಿದ್ದಕ್ಕೆ ಅದೇ ದಿನ ಕೆಲಸ ಕಳೆದುಕೊಂಡಿದ್ದಳು. ಬಣ್ಣವೇನೋ ಸರಿಯಾಗಿಯೇ ಇತ್ತು.

"ಒಳಗೆ ಏನ್ ಮಾಡ್ತಿದಾರೆ?"

"ಯೋಚನೆ ಮಾಡ್ತಿದಾರೆ. ಹೋದ ವಾರ ತರಬೇತಿಗೆ ಹೋಗಿದ್ರಲ್ಲ, ಅಲ್ಲಿ ಹೇಳ್ಕೊಟ್ರಂತೆ. ದೊಡ್ಡ ದೊಡ್ಡ ಉದ್ಯಮಿಗಳೆಲ್ಲ ಬೆಳಿಗ್ಗೆ ಎರಡು ಗಂಟೆ ಯಾರ ಮುಖಾನೂ ನೋಡಲ್ವಂತೆ. ಫೋನನ್ನೂ ಡ್ರಾಯರಿಗೆ ಹಾಕಿ ಬೀಗ ಜಡಿದಿದಾರೆ."

"ಬೆಂಕಿ ಬಿದ್ರೆ?"

ಗುಮಾಸ್ತ ಪಾಪ, ನಿಜಕ್ಕೂ ಯೋಚಿಸಿದ. "ಬೆಂಕಿ ವಿಷಯ ಏನೂ ಹೇಳಿಲ್ಲ ಅಕ್ಕಾ."

ಬಣ್ಣದಕ್ಕನ ಮೈಯೆಲ್ಲ ಉರಿದುಹೋಯಿತು. ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲನ್ನು ದಬದಬ ಬಡಿದಳು. "ಯಜಮಾನ್ರೇ, ಒಂದೇ ಒಂದು ನಿಮಿಷ! ನೀವು ಏಳೋದೂ ಬೇಡ, ಕಿಟಕಿಯಿಂದಾನೇ ತೋರಿಸ್ತೀನಿ!" ಒಳಗಿನಿಂದ "ಹತ್ತು ಗಂಟೆಗೆ" ಎಂದು ಉತ್ತರ ಬಂತು. ಅದೂ ಎಂಥ ಶಾಂತ ಸ್ವರ! ಕಿಟಕಿಯ ಗಾಜಿಗೆ ಹಣೆ ಹಚ್ಚಿ ನೋಡಿದರೆ, ಮಹಾನುಭಾವರು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಮುಗುಳ್ನಗುತ್ತ ಕೂತಿದ್ದಾರೆ. ಇಪ್ಪತ್ತೆರಡು ವರ್ಷ ಈ ಕಾರ್ಖಾನೆಯ ಹಬೆ ಕುಡಿದವಳು ಅವಳು. ಹೆತ್ತ ಮಗಳು ಜ್ವರದಲ್ಲಿ ಬೇಯುತ್ತಿದ್ದ ದಿನವೂ ಬಂದು ತೊಟ್ಟಿಯ ಮುಂದೆ ನಿಂತಿದ್ದಳು. ಅವಳಿಗೆ ಎರಡು ಗಂಟೆ ಕಣ್ಣು ಮುಚ್ಚಿ ಕೂರು ಎಂದು ಯಾವ ಪುಣ್ಯಾತ್ಮನೂ ಹೇಳಿಕೊಟ್ಟಿರಲಿಲ್ಲ.

ಶೆಡ್ಡಿಗೆ ಓಡಿಬಂದು ಇನ್ನೊಂದು ಚೂರು ಕತ್ತರಿಸಿದಳು, ಹಿಂಡಿದಳು, ಇಸ್ತ್ರಿ ಒತ್ತಿದಳು, ಬಾಗಿಲ ಬೆಳಕಿಗೆ ಹಿಡಿದಳು. ಮಾದರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನು ಐದು ನಿಮಿಷ ಬಿಟ್ಟರೆ ಬಣ್ಣ ಏರಿಹೋಗುತ್ತದೆ. ಬಟ್ಟೆ ಕೆಟ್ಟರೆ "ಬಣ್ಣದಕ್ಕ ಕೆಡಿಸಿದಳು" ಅನ್ನುತ್ತಾರೆ, ಎತ್ತಿದರೆ ಗೇಟು ತೋರಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ಮನೆಯಲ್ಲಿ ಓದುವ ಮಗಳು, ಹಾಸಿಗೆ ಹಿಡಿದ ಅತ್ತೆ. ಐವತ್ತು ದಾಟಿದವಳಿಗೆ ಹೊಸ ಕೆಲಸ ಕೊಡಲು ಯಾರು ಕಾದು ಕೂತಿದ್ದಾರೆ? ಆದರೆ ಕೈಯಾರೆ ತಂದ ಬಣ್ಣ ಕಣ್ಣೆದುರೇ ಹಾಳಾಗುವುದನ್ನು ಕೈಕಟ್ಟಿ ನೋಡುವುದು ಅವಳಿಂದ ಆಗಲಿಲ್ಲ.

"ಹೂಂ!" ಎಂದು ಶೆಡ್ಡು ಅದುರುವಂತೆ ತಾನೇ ಕೂಗಿ, ಬಟ್ಟೆಯನ್ನು ಮೇಲಕ್ಕೆತ್ತಿದಳು.

ಹತ್ತಕ್ಕೆ ಸರಿಯಾಗಿ ಯಜಮಾನರು ಶೆಡ್ಡಿಗೆ ಬಂದರು. ತೊಳೆದ ಮುತ್ತಿನಂತೆ ಮುಖ, ಕಂಕುಳಲ್ಲಿ ಹೊಸ ಡೈರಿ. ಹರವಿದ ಬಟ್ಟೆ ಕಂಡದ್ದೇ ಮುಖ ಕೆಂಪಾಯಿತು.

"ಹೂಂ ಅಂದೋರು ಯಾರು?"

"ನಾನೇ ಅಂದೆ."

"ಇಲ್ಲಿಯ ಕಟ್ಟಳೆ ಗೊತ್ತಿಲ್ವಾ ನಿಂಗೆ?"

"ನಂಗೆ ಗೊತ್ತು. ಬಟ್ಟೆಗೆ ಗೊತ್ತಿಲ್ಲ. ಹತ್ತು ಗಂಟೆವರೆಗೆ ಕಾಯಲ್ಲ ಅಂತು."

ಯಜಮಾನರು ಮೇಜಿನ ಮೇಲಿದ್ದ ಚೂರನ್ನು ಎತ್ತಿಕೊಂಡು ಬಾಗಿಲಿಗೆ ಹೋದರು. ಮಾದರಿಯ ಪಕ್ಕ ಒಮ್ಮೆ ಹಿಡಿದರು, ತಿರುಗಿಸಿ ಇನ್ನೊಮ್ಮೆ ಹಿಡಿದರು. ಬೈಯಲು ಬಾಯಿ ತೆರೆದವರಿಗೆ ಬೈಯಲು ಏನೂ ಸಿಗಲಿಲ್ಲ. ಬಣ್ಣದಕ್ಕ ಮುಂದಿನ ತೊಟ್ಟಿಯ ನೀಲಿ ನೂಲು ಹಿಂಡುತ್ತ ಗೇಟಿನ ಮಾತು ಬರುವುದನ್ನೇ ಕಾಯುತ್ತಿದ್ದಳು. ಇದ್ದಕ್ಕಿದ್ದಂತೆ ಯಜಮಾನರ ಮುಖ ಅರಳಿತು. ಅಲ್ಲೇ ಮೇಜಿನ ಮೇಲೆ ಡೈರಿ ಬಿಡಿಸಿ, ಪೆನ್ನು ತೆಗೆದು, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆದರು: "ಇಂದಿನ ನನ್ನ ಸಾಧನೆ. ಸಣ್ಣಪುಟ್ಟ ನಿರ್ಧಾರಗಳನ್ನು ಕೆಲಸಗಾರರಿಗೆ ವಹಿಸಿಕೊಡುವ ಅಭ್ಯಾಸ ರೂಢಿಸಿಕೊಂಡೆ."

ತಲೆಯೆತ್ತಿ, "ನೋಡಿದ್ಯೇನಮ್ಮಾ? ಒಂದೇ ವಾರದಲ್ಲಿ!" ಎಂದರು.

ಅವಳಿಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ನೂಲನ್ನು ಬಿಟ್ಟು, ಮೊಣಕೈವರೆಗೂ ತೊಟ್ಟಿಕ್ಕುವ ಕೈಯಲ್ಲೇ ಮೇಜಿನ ಹತ್ತಿರ ಬಂದಳು.

"ಎಲ್ಲ ಚೆನ್ನಾಗಿ ಬರೆದಿದೀರಿ ಯಜಮಾನ್ರೇ. ಕೆಳಗೆ ರುಜು ಒಂದು ಮರೆತ್ರಿ," ಎಂದಳು.

'ನನ್ನ ಸಾಧನೆ'ಯ ಶಾಯಿ ಇನ್ನೂ ಆರಿರಲಿಲ್ಲ. ಅದರ ಮೇಲೆ ಐದು ನೀಲಿ ಬೆರಳು ಬಲವಾಗಿ ಊರಿದವು.