ಕಿಟಕಿ ಇಲ್ಲದ ಪರದೆ

ಗುಡುಗಿನ ಸದ್ದಿಗೆ ಮಧ್ಯಾಹ್ನದ ನಿದ್ದೆಯಿಂದೆದ್ದ ಬಸ್ ಡ್ರೈವರ್, ಕಣ್ಣು ಪೂರ್ತಿ ಬಿಡುವ ಮೊದಲೇ ನಡೆದುಹೋಗಿ ಪರದೆಯನ್ನು ಸರಕ್ಕನೆ ಸರಿಸಿದ. ಮಳೆಯ ಎರಚಲು ಒಳಗೆ ಬರುವ ಮುಂಚೆ ಕಿಟಕಿ ಮುಚ್ಚಬೇಕಿತ್ತು. ಚಾಚಿದ ಕೈ ತಣ್ಣನೆಯ ಗೋಡೆಗೆ ತಾಗಿತು.

ಅಲ್ಲಿ ಕಿಟಕಿ ಇರಲೇ ಇಲ್ಲ. ಆ ಒಂಟಿ ಕೋಣೆಯ ಯಾವ ಗೋಡೆಗೂ ಇರಲಿಲ್ಲ. "ಇದು ಮನೆಯಲ್ಲ, ಬೆಂಕಿಪೊಟ್ಟಣ" ಎಂದು ತಿಂಗಳಿಂದ ಹಾರಾಡುತ್ತಿದ್ದವನು ಇವತ್ತು ಸಂಜೆ ಬೇರೆ ಮನೆ ನೋಡಲು ಹೊರಡುವವನಿದ್ದ. ಬಟ್ಟೆ ಹೊಲಿಯುವ ಅವನ ಹೆಂಡತಿ ಎದುರಾಡಿರಲಿಲ್ಲ. ಹೊಲಿಗೆಯಲ್ಲಿ ಮಿಕ್ಕ ನೀಲಿ, ಎಳೆಹಸಿರು, ಬೆಣ್ಣೆಬಣ್ಣದ ತುಂಡುಗಳನ್ನೆಲ್ಲ ಜೋಡಿಸಿ, ನಿನ್ನೆ ಬೋಳು ಗೋಡೆಗೆ ಈ ಪರದೆ ಇಳಿಬಿಟ್ಟಿದ್ದಳು. "ಬೋಳುತಲೆಗೆ ಬಾಚಣಿಗೆ ಕೊಟ್ಟ ಹಾಗಾಯ್ತು" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಈಗ ಗೋಡೆಗೆ ಅಂಗೈ ಒತ್ತಿ ಹಾಗೇ ನಿಂತ. ನಿದ್ದೆಗಣ್ಣಿನ ಆ ಒಂದು ಗಳಿಗೆಯಲ್ಲಿ ಪರದೆಯಾಚೆ ಒಂದು ಮರವಿತ್ತು, ಅದರ ಎಲೆಗಳ ಮೇಲೆ ಮಳೆಯಿತ್ತು. ಅವನು ಅದನ್ನು ನೋಡಿಯೇ ಎದ್ದುಬಂದಿದ್ದ. ಫ್ಯಾನಿನ ಗಾಳಿಗೆ ಉಬ್ಬಿದ ಬಟ್ಟೆ ಮೆಲ್ಲಗೆ ಮೊಣಕೈ ಸವರಿತು.

ಹೊಲಿಗೆಯಂತ್ರದ ಸದ್ದು ನಿಂತಿತು. "ರೀ, ಅಲ್ಲೇನು ಮಾಡ್ತಿದ್ದೀರಿ?"

"ಕಿಟಕಿ ಮುಚ್ಚಿದೆ ಕಣೇ" ಎಂದ. ಪರದೆಯನ್ನು ಮತ್ತೆ ಎಳೆದು, ಅದರ ನೆರಿಗೆಗಳನ್ನು ಒಂದೊಂದಾಗಿ ಸರಿಮಾಡಿ, ಎದುರಿನ ಗೋಡೆಯ ಕಡೆ ತಿರುಗಿದ. "ತುಂಡುಬಟ್ಟೆ ಇನ್ನೂ ಉಳಿದಿದ್ರೆ, ಆ ಕಡೆಗೂ ಒಂದು ಕಿಟಕಿ ಹೊಲಿ."